ಬಿ.ಪಿ. ದಿನಕ್ಕೊಂದು ಸಂಖ್ಯೆ ತೋರಿಸಿದರೆ

ಪ್ರಶ್ನೆ: ನನಗೆ 58 ವರ್ಷ. ಮನೆಯ ಯಂತ್ರದಲ್ಲಿ ಬಿ.ಪಿ. ಒಂದು ದಿನ 126/80 ಇದ್ದರೆ, ಇನ್ನೊಂದು ದಿನ 158/90 ತೋರಿಸುತ್ತದೆ. ಕಡಿಮೆ ಬಂದ ದಿನ ಮಾತ್ರೆ ತೆಗೆದುಕೊಳ್ಳುವುದಿಲ್ಲ. ಈ ಏರಿಳಿತದಿಂದ ಹೃದಯಕ್ಕೆ ಅಪಾಯವಿದೆಯೇ?

ಉತ್ತರ: ರಕ್ತದೊತ್ತಡ ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ನಿದ್ದೆಯಲ್ಲಿ ಅದು ಹಗಲಿಗಿಂತ ಶೇ. 10ರಿಂದ 20ರಷ್ಟು ಇಳಿದು, ಬೆಳಗ್ಗೆ ಎದ್ದ ಮೇಲೆ ಏರುವುದು ಸಹಜ. ಆದರೆ ತಪಾಸಣೆಯಿಂದ ತಪಾಸಣೆಗೆ ಮೇಲಿನ ಸಂಖ್ಯೆ (126/80ರಲ್ಲಿ 126) ಬಹಳ ವ್ಯತ್ಯಾಸವಾಗುತ್ತಿದ್ದರೆ ಅದನ್ನು ಕಡೆಗಣಿಸುವಂತಿಲ್ಲ. ಆಕ್ಸ್‌ಫರ್ಡ್‌ನ ನರರೋಗ ತಜ್ಞ ಪೀಟರ್ ರಾತ್‌ವೆಲ್ ಮತ್ತು ಸಂಗಡಿಗರು 2010ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಸರಾಸರಿ ಒತ್ತಡವನ್ನು ಲೆಕ್ಕಕ್ಕೆ ಹಿಡಿದ ನಂತರವೂ, ಇಂಥ ಏರಿಳಿತ ಹೆಚ್ಚಿದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚೆಂದು ಕಂಡುಬಂತು. ಏರಿಳಿತವೇ ರಕ್ತನಾಳಗಳನ್ನು ಕೆಡಿಸುತ್ತದೆಯೋ, ಅಥವಾ ವಯಸ್ಸಿನೊಂದಿಗೆ ಗಡುಸಾದ ಧಮನಿಗಳ ಗುರುತಾಗಿ ಅದು ಕಾಣಿಸಿಕೊಳ್ಳುತ್ತದೆಯೋ ಎಂಬ ಚರ್ಚೆ ಮುಗಿದಿಲ್ಲ. ಬಹುಶಃ ಎರಡೂ ಸ್ವಲ್ಪ ಸ್ವಲ್ಪ ನಿಜ. ಹಾಗೆಂದು ಸರಾಸರಿಯ ಮಹತ್ವ ಕಡಿಮೆಯಾಗುವುದಿಲ್ಲ. ಚಿಕಿತ್ಸೆಯ ಮೊದಲ ಗುರಿ ಇಂದಿಗೂ ಅದೇ.

ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ಆ 158 ಅಲ್ಲ, ಮಾತ್ರೆ ಬಿಡುವ ಅಭ್ಯಾಸ. 126 ಬಂದಿರುವುದು ಹಿಂದಿನ ದಿನಗಳ ಮಾತ್ರೆಯ ಫಲವಾಗಿರಬಹುದು. ಅದನ್ನು ನೋಡಿ ಮಾತ್ರೆ ಬಿಟ್ಟರೆ ಒತ್ತಡ ಮತ್ತೆ ಏರುತ್ತದೆ, ಆಗ ಗಾಬರಿಯಿಂದ ಮತ್ತೆ ನುಂಗುತ್ತೀರಿ; ನೀವು ಕೇಳುತ್ತಿರುವ ಏರಿಳಿತದ ಒಂದಷ್ಟು ಪಾಲನ್ನು ಹೀಗೆ ನೀವೇ ಉಂಟುಮಾಡುತ್ತಿರಬಹುದು. ಅಟೆನೊಲಾಲ್‌ನಂಥ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು ಮರುಕಳಿಸುವ ಅಪಾಯವೂ ಉಂಟು. ಸಂಖ್ಯೆ ಮೇಲಿಂದ ಮೇಲೆ ಕಡಿಮೆ ಬರುತ್ತಿದ್ದರೆ, ಅಥವಾ ಎದ್ದು ನಿಂತಾಗ ತಲೆ ಸುತ್ತಿದರೆ, ಪ್ರಮಾಣ ಬದಲಿಸುವ ನಿರ್ಧಾರವನ್ನು ವೈದ್ಯರಿಗೆ ಬಿಡಿ.

ಅಳೆಯುವ ಕ್ರಮವನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆದಿರಬೇಕು. ಮೂತ್ರ ವಿಸರ್ಜಿಸಿ, ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕುಳಿತ ಮೇಲೆ, ಬರಿ ತೋಳಿಗೆ ಅಳತೆಗೆ ಸರಿಯಾದ ಪಟ್ಟಿ ಸುತ್ತಿ, ತೋಳನ್ನು ಹೃದಯದ ಮಟ್ಟದಲ್ಲಿಟ್ಟು ಅಳೆಯಿರಿ. ಬೆಳಗ್ಗೆ ಮಾತ್ರೆಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ಹೀಗೆ ಏಳು ದಿನ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ 135/85ಕ್ಕಿಂತ ಹೆಚ್ಚಿದ್ದರೆ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ, ಮಾತ್ರೆ ಬಿಟ್ಟ ದಿನಗಳನ್ನೂ ಮುಚ್ಚಿಡದೆ ಹೇಳಿ. ಅಗತ್ಯವೆನಿಸಿದರೆ ಅವರು 24 ಗಂಟೆಗಳ ಬಿ.ಪಿ. ಪರೀಕ್ಷೆ ಮಾಡಿಸುತ್ತಾರೆ.