20 ಲಕ್ಷದ ಪತ್ರ, 16.5 ಲಕ್ಷದ ಪತ್ರ

(ಗುರುತು ಸಿಗದಂತೆ ವಯಸ್ಸು, ಕೆಲಸ ಮತ್ತು ಮೊತ್ತದ ವಿವರಗಳನ್ನು ಬದಲಿಸಲಾಗಿದೆ.)

29 ವರ್ಷದ ಯುವಕ. ಜಿಲ್ಲಾ ಕೇಂದ್ರವೊಂದರಲ್ಲಿ ಬಿಇ ಮುಗಿಸಿ, ಬೆಂಗಳೂರಿನ ಸರ್ವಿಸ್ ಕಂಪನಿಯೊಂದಕ್ಕೆ 3.5 ಲಕ್ಷದ ಪ್ಯಾಕೇಜಿಗೆ ಸೇರಿದವರು. ಆರು ವರ್ಷ ಕಳೆದು ಈಗ 8.4 ಲಕ್ಷ. ರೆಸ್ಯೂಮೆಯಲ್ಲಿ ಜಾವಾ, ಸ್ಪ್ರಿಂಗ್ ಬೂಟ್ ಎಂದಿದ್ದರೂ ದಿನದ ಕೆಲಸ ಬಹುಪಾಲು ಪ್ರೊಡಕ್ಷನ್ ಸಪೋರ್ಟ್: ಟಿಕೆಟ್ ಎತ್ತಿಕೊಳ್ಳುವುದು, ಲಾಗ್ ನೋಡುವುದು, ಕೆಟ್ಟ ಡೇಟಾ ಸರಿಪಡಿಸುವುದು. ಜೊತೆಗೆ ಓದಿದ ರೂಮ್‌ಮೇಟ್‌ಗೆ 26 ಲಕ್ಷ. ಊರಿಂದ ತಂದೆ ಫೋನ್ ಮಾಡಿದಾಗಲೆಲ್ಲ ಆ ಹುಡುಗನ ಪ್ರಸ್ತಾಪ ಬರುತ್ತಿತ್ತು. ನಿದ್ದೆ ಸರಿಯಾಗಿ ಬಾರದೆ, ಆಫೀಸಿನಲ್ಲಿ ಸಿಡುಕುತ್ತಿದ್ದರು. ಹಾಗಿರುವಾಗ ಸಲಹೆ ಕೇಳಲು ಬಂದರು. ಕೈಯಲ್ಲಿ ಎರಡು ಆಫರ್ ಇದ್ದವು: ಸ್ಟಾರ್ಟಪ್ ಒಂದರ 20 ಲಕ್ಷ, ಬ್ಯಾಂಕೊಂದರ 16.5 ಲಕ್ಷ. 20 ಲಕ್ಷದ್ದನ್ನು ನಂಬಿ ಮರುದಿನವೇ ಪೇಪರ್ ಹಾಕುವ ಆತುರ.

ಅವರನ್ನು ಮೊದಲು ಕೇಳಿಕೊಂಡದ್ದು ಒಂದೇ: ಲೆಕ್ಕ ಮುಗಿಯುವ ತನಕ ರಾಜೀನಾಮೆ ಬೇಡ. ಅವರ ನೋಟಿಸ್ ಪೀರಿಯಡ್ 90 ದಿನ. ಒಂದು ಕಡೆಯಿಂದ ಬಂದದ್ದು ಆಫರ್ ಲೆಟರ್ ಅಲ್ಲ, ‘ಆಯ್ಕೆಯಾಗಿದ್ದೀರಿ, ಪತ್ರ ಕಳಿಸುತ್ತೇವೆ’ ಎಂಬ ಮೇಲ್. ಅಂಥ ಮೇಲ್ ನೋಡಿ ಪೇಪರ್ ಹಾಕಿದರೆ, ಮೂರು ತಿಂಗಳೊಳಗೆ ಆ ಹುದ್ದೆಗೇ ತಡೆ ಬಿದ್ದಾಗ ಎರಡೂ ಕಡೆ ನೆಲೆ ಇರುವುದಿಲ್ಲ. ಸಂಬಳದ ವಿಭಜನೆ, ಸೇರುವ ದಿನ, ಬಾಂಡ್ ಅಥವಾ ವಾಪಸಾತಿಯ ಷರತ್ತು ಇವೆಲ್ಲ ಇರುವ, ಸಹಿಯಾದ ಪತ್ರ ಕೈಗೆ ಬರಬೇಕು.

ಆಮೇಲೆ ಲೆಕ್ಕ. ಸ್ಟಾರ್ಟಪ್‌ನ 20 ಲಕ್ಷ ಒಡೆದರೆ ಸಿಕ್ಕಿದ್ದು: ಫಿಕ್ಸೆಡ್ 14 ಲಕ್ಷ, ವೇರಿಯಬಲ್ (ಸಾಧನೆ ನೋಡಿ ಕೊಡುವ ಪಾಲು) 2 ಲಕ್ಷ, ಜಾಯ್ನಿಂಗ್ ಬೋನಸ್ 1 ಲಕ್ಷ, ಇಸಾಪ್ (ಕಂಪನಿಯ ಷೇರನ್ನು ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಹಕ್ಕು) ವರ್ಷಕ್ಕೆ 3 ಲಕ್ಷ. ವಿದೇಶಿ ಬ್ಯಾಂಕೊಂದರ ಬೆಂಗಳೂರು ಕೇಂದ್ರದ 16.5 ಲಕ್ಷದಲ್ಲಿ ಫಿಕ್ಸೆಡ್ 15.3, ಬೋನಸ್ 1.2. ಎರಡರಲ್ಲೂ ಬೇಸಿಕ್, ಅಂದರೆ ಮೂಲ ವೇತನ, ಫಿಕ್ಸೆಡ್ ಮೊತ್ತದ ಅರ್ಧ. ಫಿಕ್ಸೆಡ್ ಎಂದು ಬರೆದ ಮೊತ್ತದೊಳಗೇ ಕಂಪನಿಯ ಪಾಲಿನ ಪಿಎಫ್, ಅಂದರೆ ಬೇಸಿಕ್‌ನ ಶೇ 12, ಮತ್ತು ಗ್ರಾಚ್ಯುಟಿಗೆಂದು ಬೇಸಿಕ್‌ನ ಶೇ 4.81 ಕೂತಿದ್ದವು. ಪಿಎಫ್ ನಿಮ್ಮದೇ ದುಡ್ಡು, ಆದರೆ ತಿಂಗಳ ಖರ್ಚಿಗೆ ಬರುವುದಿಲ್ಲ. ಗ್ರಾಚ್ಯುಟಿಗೆ ಕಾಯಂ ನೌಕರರು ಸಾಮಾನ್ಯವಾಗಿ ಐದು ವರ್ಷ ಇರಬೇಕು. ಫಿಕ್ಸೆಡ್ ಮೊತ್ತದಿಂದ ಎರಡನ್ನೂ ತೆಗೆದು (ವೇರಿಯಬಲ್, ಬೋನಸ್ ಸೇರಿಸದೆ), ನಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ, ಹೊಸ ಪದ್ಧತಿಯ 2025-26ರ ದರದ ಆದಾಯ ತೆರಿಗೆ ಕಳೆದರೆ, ಇಡೀ ವರ್ಷದ ಸರಾಸರಿಯಲ್ಲಿ 20 ಲಕ್ಷದ ಪತ್ರದಿಂದ ತಿಂಗಳಿಗೆ ಸುಮಾರು 99 ಸಾವಿರ, 16.5 ಲಕ್ಷದ್ದರಿಂದ ಸುಮಾರು 1 ಲಕ್ಷ 2 ಸಾವಿರ. ದೊಡ್ಡ ಪತ್ರವೇ ಕೈಗೆ ಕಡಿಮೆ ಕೊಡುತ್ತಿತ್ತು.

ಜಾಯ್ನಿಂಗ್ ಬೋನಸ್ಸಿನದು ಇನ್ನೊಂದು ಕಥೆ. ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ಕಳೆದ ಮೇಲೆ ಸ್ಟಾರ್ಟಪ್‌ನ ಆದಾಯ, ವೇರಿಯಬಲ್ ಬಿಟ್ಟರೆ, ತೆರಿಗೆ ಬೀಳದ 12 ಲಕ್ಷದ ಗೆರೆಯನ್ನು ಏಳು ಸಾವಿರ ಚಿಲ್ಲರೆಯಷ್ಟೇ ದಾಟುತ್ತದೆ. ಅಲ್ಲಿ ಮಾರ್ಜಿನಲ್ ರಿಲೀಫ್ (ಗೆರೆ ದಾಟಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ಕೊಡುವ ರಿಯಾಯಿತಿ; ಸೆಸ್ ಬೇರೆ) ಸಿಗುವುದರಿಂದ ತೆರಿಗೆ ಸುಮಾರು 7,600. ಅದರ ಮೇಲೆ 1 ಲಕ್ಷ ಬಿದ್ದ ಕೂಡಲೇ ರಿಲೀಫ್ ಹೋಗಿ ತೆರಿಗೆ 79 ಸಾವಿರಕ್ಕೆ ಏರುತ್ತದೆ. ಲಕ್ಷದಲ್ಲಿ 71 ಸಾವಿರ ಚಿಲ್ಲರೆ ಸರ್ಕಾರಕ್ಕೆ! ಸಾಲದ್ದಕ್ಕೆ, 12 ತಿಂಗಳೊಳಗೆ ಬಿಟ್ಟರೆ ಪೂರ್ತಿ ಲಕ್ಷವನ್ನು ಹಿಂತಿರುಗಿಸಬೇಕು ಎಂಬ ಸಾಲು ಪತ್ರದ ಮೂರನೇ ಪುಟದಲ್ಲಿತ್ತು.

ಇಸಾಪ್ ಅನ್ನು ಸದ್ಯಕ್ಕೆ ಸೊನ್ನೆ ಎಂದೇ ಹಿಡಿಯಲು ಹೇಳಲಾಯಿತು. ಅದು ನಾಲ್ಕು ವರ್ಷದ ವೆಸ್ಟಿಂಗ್, ಅಂದರೆ ಹಕ್ಕು ಕಂತುಕಂತಾಗಿ ಕೈಗೆ ಬರುತ್ತದೆ. ಮೊದಲ ವರ್ಷ ತುಂಬುವ ಮೊದಲು ಬಿಟ್ಟರೆ ಒಂದೂ ಇಲ್ಲ. ಷೇರು ಪಡೆಯಲು ಮೊದಲೇ ಗೊತ್ತುಮಾಡಿದ ಸ್ಟ್ರೈಕ್ ಬೆಲೆ ಕಟ್ಟಬೇಕು, ಆ ಬೆಲೆಗೂ ಅಂದಿನ ಮೌಲ್ಯಕ್ಕೂ ಇರುವ ವ್ಯತ್ಯಾಸ ಸಂಬಳದ ಆದಾಯವೆಂದು ತೆರಿಗೆಗೆ ಸೇರುತ್ತದೆ, ಕೊಳ್ಳುವವರು ಇಲ್ಲದಿದ್ದರೂ. ಎಚ್‌ಆರ್‌ಗೆ ಕೇಳಬೇಕಾದವು ಇವು: ಎಷ್ಟು ಆಪ್ಶನ್, ಸ್ಟ್ರೈಕ್ ಬೆಲೆ ಎಷ್ಟು, ಕೆಲಸ ಬಿಟ್ಟ ಮೇಲೆ ಎಷ್ಟು ದಿನದೊಳಗೆ ಕೊಳ್ಳಬೇಕು, ಈ ಹಿಂದೆ ಕಂಪನಿ ಷೇರು ಮರುಖರೀದಿ ಮಾಡಿದೆಯೇ. ಇವರು ಕೇಳಿದರು. ‘ಸೇರಿದ ಮೇಲೆ ತಿಳಿಸುತ್ತೇವೆ’ ಎಂಬ ಉತ್ತರ ಬಂತು. ಅದೂ ಒಂದು ಉತ್ತರವೇ.

ಇಷ್ಟಾದರೂ ತೀರ್ಮಾನ ಹಣದ ಮೇಲೆ ನಿಲ್ಲಬೇಕಿರಲಿಲ್ಲ. ತಿಂಗಳಿಗೆ ಮೂರು ಸಾವಿರದ ವ್ಯತ್ಯಾಸ ದೊಡ್ಡದೇನಲ್ಲ. ಹೆಚ್ಚು ಹೊತ್ತು ಹಿಡಿದದ್ದು ಬೇರೆ ಪ್ರಶ್ನೆ: ಆರು ವರ್ಷದಲ್ಲಿ ಸಂಬಳ ಏಕೆ ಇಷ್ಟು ನಿಧಾನ? ‘ನನಗೆ ತಲೆ ಇಲ್ಲ ಸರ್’ ಎಂಬುದು ಅವರ ಉತ್ತರ. ಸೋತ ಮೂರು ಸಂದರ್ಶನಗಳನ್ನು ಬಿಡಿಸಿ ನೋಡಿದರೆ ಕೋಡಿಂಗ್ ಸುತ್ತಿನಲ್ಲಿ ಪಾಸಾಗಿ, ಮೂರರಲ್ಲೂ ಸಿಸ್ಟಂ ಡಿಸೈನ್ (ಇಡೀ ಸಾಫ್ಟ್‌ವೇರನ್ನು ಹೇಗೆ ಕಟ್ಟಬೇಕು, ಏಕೆ ಎಂದು ಕೇಳುವ) ಸುತ್ತಿನಲ್ಲಿ ಬಿದ್ದಿದ್ದರು. ‘ಈ ಡೇಟಾಬೇಸನ್ನೇ ಏಕೆ ಆರಿಸಿದಿರಿ’ ಎಂದರೆ ಹೇಳಲು ಏನೂ ಇರಲಿಲ್ಲ, ಏಕೆಂದರೆ ಆರಿಸಿದವರು ಅವರಲ್ಲ. ಸಪೋರ್ಟ್ ಕೆಲಸ ಕೀಳಲ್ಲ, ಆದರೆ ಅದರಲ್ಲಿ ನಿರ್ಧಾರಗಳು ಬೇರೆಯವರವು; ಮುಂದಿನ ಸಂದರ್ಶನದಲ್ಲಿ ಬೆಲೆ ಸಿಗುವುದು ನಿರ್ಧಾರಕ್ಕೆ.

ಹಾಗಾಗಿ ಎರಡೂ ಕಡೆಯ ಮ್ಯಾನೇಜರ್‌ಗೆ ಕೇಳಲು ಕೆಲವು ಪ್ರಶ್ನೆ ಬರೆದುಕೊಡಲಾಯಿತು: ಈ ಸರ್ವಿಸ್ (ಸಾಫ್ಟ್‌ವೇರ್) ಬರೆಯುವುದು ಈ ತಂಡವೇ, ಅಥವಾ ಹೊರದೇಶದ ತಂಡ ಬರೆದದ್ದನ್ನು ನೋಡಿಕೊಳ್ಳುವುದೇ? ಕಳೆದ ಆರು ತಿಂಗಳಲ್ಲಿ ಏನು ರಿಲೀಸ್ ಆಯಿತು? ಡಿಸೈನ್ ಬರೆಯುವವರು ಯಾರು, ಎಲ್ಲಿ ಕೂತಿದ್ದಾರೆ? ಮೊದಲ 90 ದಿನ ನನಗೆ ಯಾವ ಕೆಲಸ? ಸ್ಟಾರ್ಟಪ್‌ನ ‘ಸೀನಿಯರ್ ಎಂಜಿನಿಯರ್’ ಎಂದರೆ ಗ್ರಾಹಕರ ದೂರು ಪರಿಹರಿಸುವ ಕೆಲಸವೇ ಎಂದು ಗೊತ್ತಾಯಿತು. ಹುದ್ದೆಯ ಹೆಸರು ಹೊಸದು, ಟಿಕೆಟ್ ಹಳೆಯದೇ. ಬ್ಯಾಂಕಿನ ಕೇಂದ್ರದಲ್ಲಿ ಪಾವತಿ ತಾಳೆ ನೋಡುವ ಸರ್ವಿಸ್ಸನ್ನು ಹೊಸದಾಗಿ ಬರೆಯುತ್ತಿದ್ದರು, ಡಿಸೈನ್ ಬೆಂಗಳೂರಿನಲ್ಲೇ. ಇಂಥ ಕೇಂದ್ರಗಳಲ್ಲೆಲ್ಲ ಹೀಗಿರುತ್ತದೆ ಎಂದೇನೂ ಇಲ್ಲ. ಬರೀ ಟೆಸ್ಟಿಂಗ್, ನಿರ್ವಹಣೆ ಇಲ್ಲಿಗೆ ಕಳಿಸುವ ಕಡೆಗಳೂ ಉಂಟು.

ಚೌಕಾಸಿಯಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳಲಾಯಿತು. ಈಗಿನ ಸಂಬಳ ಸುಳ್ಳು ಹೇಳಬೇಡಿ. ಪೇಸ್ಲಿಪ್, ಫಾರಂ 16, ಪಿಎಫ್ ದಾಖಲೆಯಲ್ಲಿ ಸಿಕ್ಕಿಬೀಳುತ್ತದೆ, ಸೇರಿದ ಮೇಲೂ ಕೆಲಸ ಹೋಗಬಹುದು. ‘ಆಗಲೇ ಶೇ 80ಕ್ಕಿಂತ ಹೆಚ್ಚು ಹೈಕ್ ಆಯ್ತಲ್ಲ’ ಎಂದು ಬ್ಯಾಂಕಿನ ಎಚ್‌ಆರ್ ಅಂದರೆ, ‘ಈ ಹುದ್ದೆಯ ಬಜೆಟ್ಟಿಗೆ ತಕ್ಕ ಹಾಗೆ ಕೇಳುತ್ತಿದ್ದೇನೆ, ಫಿಕ್ಸೆಡ್ 16 ಆದರೆ ಇವತ್ತೇ ಸಹಿ ಮಾಡುತ್ತೇನೆ’ ಎನ್ನಿ, ಆಮೇಲೆ ಸುಮ್ಮನಿರಿ. ಫಿಕ್ಸೆಡ್ ಏರಲಿಲ್ಲ. 1.5 ಲಕ್ಷ ಜಾಯ್ನಿಂಗ್ ಬೋನಸ್ ಕೊಟ್ಟರು. ವಾಪಸಾತಿ ಷರತ್ತನ್ನು ಉಳಿದ ತಿಂಗಳುಗಳ ಪ್ರಮಾಣಕ್ಕೆ ಇಳಿಸಿಕೊಂಡರು. ಇಲ್ಲಿ ಆದಾಯ 12 ಲಕ್ಷದ ಗೆರೆಯಿಂದ ದೂರವಿರುವ ಕಾರಣ ಅದರ ಮೇಲೆ ತೆರಿಗೆ ಶೇ 15 ಮತ್ತು ಸೆಸ್ ಮಾತ್ರ.

ಪೇಪರ್ ಹಾಕಿದ ಮೇಲೆ ಹಳೆ ಕಂಪನಿ 12 ಲಕ್ಷದ ಕೌಂಟರ್ ಆಫರ್ ತಂದಿತು, ಜೊತೆಗೆ ‘ಏಪ್ರಿಲ್‌ನಲ್ಲಿ ಪ್ರಮೋಷನ್’. ಬರವಣಿಗೆಯಲ್ಲಿ ಬರಲಿ, ಯಾವ ಪ್ರಾಜೆಕ್ಟ್ ಎಂದೂ ಇರಲಿ ಎಂದು ಕೇಳಿಸಲಾಯಿತು. ಪತ್ರ ಬರಲಿಲ್ಲ.

ತಂದೆಯ ಫೋನಿನ ವಿಷಯಕ್ಕೆ ದೊಡ್ಡ ಉಪಾಯವೇನೂ ಹೇಳಲಿಲ್ಲ. ಪ್ಯಾಕೇಜ್ ಹೇಳದೆ ತಿಂಗಳಿಗೆ ಕೈಗೆ ಬರುವ ಮೊತ್ತ ಹೇಳಿ ಎಂದಷ್ಟೇ. ರೂಮ್‌ಮೇಟ್‌ನ 26 ಲಕ್ಷದಲ್ಲೂ ಷೇರಿನ ಪಾಲು ಎಷ್ಟೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ನೋಟಿಸ್ ಅವಧಿಗೆ ಕೊಟ್ಟ ಕೆಲಸಗಳು: ಮಾಡಿದ ಸುಧಾರಣೆಗಳನ್ನು ಅಂಕಿಯೊಂದಿಗೆ ಬರೆದಿಡುವುದು (‘ಸಪೋರ್ಟ್ ಮಾಡಿದೆ’ ಅಲ್ಲ, ‘ರಾತ್ರಿಯ ಬ್ಯಾಚ್ ಐದು ಗಂಟೆಯಿಂದ 70 ನಿಮಿಷಕ್ಕೆ ಇಳಿಯಿತು, ಇಂಡೆಕ್ಸ್ ಬದಲಿಸಿದ್ದಕ್ಕೆ’), ಕಂಪನಿಯ ಕೋಡ್ ಅಥವಾ ಗ್ರಾಹಕರ ಹೆಸರು ಹೊರಗೆ ಒಯ್ಯದಿರುವುದು, ರಿಲೀವಿಂಗ್ ಲೆಟರ್ ಪಡೆಯುವುದು. ಪಿಎಫ್ ಹಣ ತೆಗೆಯದೆ, ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಯಾದ ಅದೇ ಯುಎಎನ್‌ಗೆ ವರ್ಗಾಯಿಸುವುದು. ವರ್ಷದ ಮಧ್ಯೆ ಬದಲಾಗುವುದರಿಂದ, ಹಳೆ ಕಂಪನಿಯ ಆ ವರ್ಷದ ಸಂಬಳ ಮತ್ತು ಟಿಡಿಎಸ್ ವಿವರವನ್ನು ಹೊಸ ಕಂಪನಿಗೆ ಮೊದಲ ತಿಂಗಳಲ್ಲೇ ಕೊಡಬೇಕು. ಕೊಡದಿದ್ದರೆ ಇಬ್ಬರೂ ಸ್ಲ್ಯಾಬ್‌ನ ಮೊದಲ ಮೆಟ್ಟಿಲಿನಿಂದ ಲೆಕ್ಕ ಹಾಕಿ, ರಿಟರ್ನ್ಸ್ ತುಂಬುವ ಜುಲೈನಲ್ಲಿ ಬಾಕಿ ತೆರಿಗೆ ಬಡ್ಡಿಸಮೇತ ಒಮ್ಮೆಲೇ ಬರುತ್ತದೆ.