ರೊಕ್ಕ ಕೇಳಬ್ಯಾಡ ತಮ್ಮಾ, ಗಾಡಿ ಮಿಸ್ತ್ರಿನ್ನ ಕಳಸ್ರಿ ಅಂತ ಕೇಳು

ಮುಧೋಳದ ತಮ್ಮಾ, ನಿನ್ನ ಪ್ರಶ್ನಿ ನಿನ್ನೆನ ನೋಡಿದ್ದೆ. ಕುಂತು ಬರಿಲಿಕ್ಕೆ ಇವತ್ತ ಪುರುಸೊತ್ತು ಸಿಕ್ತು. ಕಬ್ಬು ಕಡದ ಹೊಲದಾಗ ಆಟೋಕ್ರಾಸ್, ಅಂದ್ರ ಬಯಲಾಗ ಮಣ್ಣಿನ ದಾರಿ ಮಾಡಿ ಟೈಮ್ ಹಿಡಿದು ಕಾರ್ ಓಡಸೂ ಸ್ಪರ್ಧಾ, ಇಡಬೇಕಂತ ನೀವು ಗೆಳ್ಯಾರೆಲ್ಲ ಸೇರೀರಿ, ಒಂದು ಕಾರ್ ಶೋರೂಮಿನವರು "ಸ್ಪಾನ್ಸರ್ ಮಾಡ್ತೀವಿ, ನಮ್ಮ ಬ್ಯಾನರ್ ಅಷ್ಟ ಕಾಣಬೇಕು" ಅಂದಾರ, ಅವರಿಗೆ ಎಷ್ಟು ರೊಕ್ಕ ಕೇಳೂದು ಅಂತ ನೀ ಕೇಳಿದ್ದಿ. ಅದಕ್ಕ ವಿಜಾಪುರದ ಅಣ್ಣಾರು "ಕೊಟ್ಟಷ್ಟು ಇಸ್ಕೊಂಡು ಬ್ಯಾನರ್ ಕಟ್ರಿ, ಅವರಿಗೆ ಲಾಭ ಆಗ್ತೈತೋ ಇಲ್ಲೋ ನಮಗ್ಯಾಕ" ಅಂತ ಬರದಾರ. ಅಣ್ಣಾರ ಮ್ಯಾಲ ಗೌರವ ಐತಿ, ಆದ್ರ ಈ ಮಾತು ನಾ ಒಪ್ಪೂದಿಲ್ಲ. ಕೊಡಾವಗ ಏನು ಸಿಗ್ತೈತಿ ಅಂತ ತಿಳೀಲಿಲ್ಲಂದ್ರ, ನಾವು ಏನು ಕೇಳಬೇಕು ಅನ್ನೂದೂ ತಿಳಿಯೂದಿಲ್ಲ.

ನಾ ಬೆಳಗಾವಿ ಉದ್ಯಮಬಾಗದಾಗ ಫ್ಯಾಬ್ರಿಕೇಶನ್ ಶೆಡ್ ನಡಸಾಂವ. ಹೊಟ್ಟಿಪಾಡು ಟ್ರೇಲರ್ ಚಾಸಿ, ಹುಚ್ಚು ಮಾತ್ರ ಜೀಪು. ಖಾನಾಪುರ ಕಡೆ ಕೆಸರಿನ್ಯಾಗ ಗಾಡಿ ಹುಗಿಸಿ ಹೊರಗ ತಗಿಯೂ ಮಂದಿ ನಾವು. ಬಂಪರ್, ಗಾಡಿ ಹೊಟ್ಟಿ ಕಾಯೂ ಸ್ಕಿಡ್ ಪ್ಲೇಟ್, ಪಲ್ಟಿ ಆದ್ರ ಒಳಗಿನವರನ್ನ ಉಳಸೂ ಉಕ್ಕಿನ ಪಂಜರ ರೋಲ್ ಕೇಜ್ ಮಾಡಿ ಮಾಡಿ ಯಾವ ಗಾಡಿ ಎಲ್ಲೆ ಮುರೀತೈತಿ ಅಂತ ಅಷ್ಟಿಷ್ಟು ಗೊತ್ತೈತಿ.

ಕೆಲವು ವರ್ಷದ ಹಿಂದ ನಾವೂ ನಿಮ್ಹಂಗ ಒಂದು ಆಟೋಕ್ರಾಸ್ ಇಟ್ಟಿದ್ವಿ. ಒಬ್ಬ ಡೀಲರ್ ಬಂದ. ಅಂವನ ಹೆಸರು, ಕಂಪನಿ ಹೆಸರು ಇಲ್ಲೆ ಬ್ಯಾಡ. ಎಂಟು ಬ್ಯಾನರ್, ಎರಡು ಗಾಳಿ ತುಂಬಿದ ಕಮಾನು, ನೂರು ಟೋಪಿ, ಸ್ವಲ್ಪ ರೊಕ್ಕ. ಫೋಟೋ ಹೊಡಕೊಂಡ್ರು, ಊಟ ಮಾಡಿದ್ರು, ಹೋದ್ರು. ಮಧ್ಯಾಹ್ನ ಅದ ಕಂಪನಿ ಗಾಡಿ ಓಡಸೂ ಹುಡುಗಂದು ಡ್ರೈವ್ ಶಾಫ್ಟ್, ಅಂದ್ರ ಎಂಜಿನ್ ಶಕ್ತಿ ಗಾಲಿಗೆ ಮುಟ್ಟಸೂ ರಾಡು, ಕಟ್ಟಾತು. ಮರುದಿನ ಟೋ ಮಾಡಿ ಅವರ ವರ್ಕ್‌ಶಾಪಿಗೇ ಒಯ್ದ್ರ, ಬಾಗಲಕ್ಕ ಅಂಟಿಸಿದ ನಂಬರ್ ಸ್ಟಿಕರ್ ನೋಡಿ "ರೇಸಿನ್ಯಾಗ ಓಡಿಸೀರಿ, ವಾರಂಟಿ ಇಲ್ಲ" ಅಂದ್ರು. ಆ ಸ್ಟಿಕರಿನ ಮ್ಯಾಲ ಅವರದ ಲೋಗೋ ಇತ್ತು! ನಿಯಮದ ಪ್ರಕಾರ ಅವರು ಹೇಳಿದ್ದು ಖರೇನ. ಸ್ಪರ್ಧಾದಾಗ ಓಡಿಸಿದ್ರ ವಾರಂಟಿ ಇಲ್ಲ ಅಂತ ಪುಸ್ತಕದಾಗ ಬರದಿರ್ತೈತಿ. ಆದ್ರ ಹುಡುಗನ ಎದಿಯಾಗ ಅದು ಕುಂತುಬಿಡ್ತು. ಮುಂದ ಅವರ ಮನ್ಯಾಗ ಎರಡು ಗಾಡಿ ಬಂದ್ವು, ಎರಡೂ ಬ್ಯಾರೆ ಕಂಪನಿದು.

ಅವತ್ತ ಇನ್ನೊಂದು ಕಂಪನಿಯ ವರ್ಕ್‌ಶಾಪಿನ ಫೋರ್‌ಮನ್ ಒಬ್ಬಾಂವ ರಜಾ ಹಾಕಿ ಬರೇ ನೋಡಾಕ ಬಂದಿದ್ದ. ತನ್ನ ಸ್ಕೂಟರ್ ಡಿಕ್ಕಿಯಾಗ ಒಂದಿಷ್ಟು ಪಾನಾ, ಸ್ಟೇರಿಂಗಿಗೆ ಬೇಕಾಗೂ ಎರಡು ಟೈ ರಾಡ್ ಎಂಡ್, ಒಂದು ಕ್ಲಚ್ ಕೇಬಲ್ ಇಟ್ಕೊಂಡಿದ್ದ. ಯಾರ ಗಾಡಿ ನಿಂತ್ರೂ ಹೋಗಿ ಬಗ್ಗಿ ನೋಡ್ತಿದ್ದ, ಯಾವ ಕಂಪನಿ ಅಂತ ಕೇಳ್ತಿದ್ದಿಲ್ಲ. ಇವತ್ತಿಗೂ ನಮ್ಮ ಬಳಗದಾಗ ಯಾರರ ಗಾಡಿ ತಗೊಳ್ಳೂದಿದ್ರ ಮೊದಲು ಅಂವಗ ಫೋನ್ ಹೋಗ್ತೈತಿ. ಅಂವನ ಕಂಪನಿಗೆ ಅವತ್ತು ಒಂದು ಪೈಸೆ ಖರ್ಚಾಗಿಲ್ಲ, ಅಂವ ಬಂದಿದ್ದು ಅವರಿಗೆ ಗೊತ್ತೂ ಇಲ್ಲ.

ಜಾತ್ರಿಯಾಗ ಟ್ರೇಲರ್ ಹಚ್ಚಿ ಟ್ರ್ಯಾಕ್ಟರ್ ರಿವರ್ಸ್ ಹೊಡಿಯೂ ಶರ್ಯತ್ತು ನೋಡೀದಿ ಅಲ್ಲ? ಗೆದ್ದಾಂವಗ ಸಿಗೂದು ಒಂದು ಢಾಲು, ಒಂದಿಷ್ಟು ರೊಕ್ಕ. ಆದ್ರ ಮರುದಿನದಿಂದ ಅವರ ಓಣ್ಯಾಗ ಯಾರು ಟ್ರ್ಯಾಕ್ಟರ್ ತಗೊಂಡ್ರೂ "ಏನ್ಪಾ, ಯಾವುದು ಅಡ್ಡಿಯಿಲ್ಲ?" ಅಂತ ಅಂವನ್ನ ಕೇಳ್ತಾರ. ಮಾವ ಕೇಳ್ತಾನ, ಸೊಸೈಟಿ ಸೆಕ್ರೆಟರಿ ಕೇಳ್ತಾನ. ಕಾರಿಗೂ ಹಂಗ. ಗಾಡಿ ಹುಚ್ಚಿನ ಹುಡುಗ ತಾ ಕೊಳ್ಳೂದು ಒಂದ ಗಾಡಿ, ಮಂದಿಗೆ ಕೊಡಸೂದು ಹತ್ತು. ಸಣ್ಣ ಮೋಟರ್‌ ಸ್ಪೋರ್ಟಿಗೆ ರೊಕ್ಕ ಹಾಕೂ ಕಂಪನಿಗೆ ಲಾಭ ಇರೂದು ಅಲ್ಲೇ. ಬ್ಯಾನರ್ ನೋಡಿದಾಂವ ಬಂದು ಗಾಡಿ ಕೊಳ್ಳೂದಿಲ್ಲ, ಆ ಹುಡುಗ ಹೇಳಿದ್ದು ಕೇಳಿ ಕೊಳ್ತಾನ. ಹುಡುಗ ಏನು ಹೇಳ್ತಾನ ಅನ್ನೂದು ಗಾಡಿ ಮುರದ ದಿನ ಯಾರು ಬಾಜೂಕ ನಿಂತಿದ್ರು ಅನ್ನೂದರ ಮ್ಯಾಲ ಐತಿ.

ಬರೇ ರೊಕ್ಕ ಸುರದ್ರ ನಿಷ್ಠಾ ಹುಟ್ಟೂದಿಲ್ಲ ಅನ್ನೂದಕ್ಕ ದೊಡ್ಡವರದ ಉದಾಹರಣಿ ನೋಡು. ಫೋಕ್ಸ್‌ವ್ಯಾಗನ್‌ನವರು 2010ರಾಗ ನಮ್ಮ ದೇಶದಾಗ ಪೋಲೋ ಕಪ್ ರೇಸ್ ಚಾಲೂ ಮಾಡಿದ್ರು, ಎಲ್ಲಾರಿಗೂ ಒಂದ ನಮೂನಿ ಗಾಡಿ. ಅದಾದ ಮ್ಯಾಲ ಟೊಯೋಟಾದವರು ನಮ್ಮ ಬಿಡದಿಯಾಗ ತಯಾರಾಗ್ತಿದ್ದ ಎಟಿಯೋಸ್ ಹಿಡ್ಕೊಂಡು ಹಂಗ ಒಂದು ರೇಸ್ ಇಟ್ರು, ಹೊಸಾ ಹುಡುಗೂರನ್ನ ಆರಿಸಿ ತರಬೇತಿನೂ ಕೊಟ್ರು. ಎರಡೂ ಕಡೆ ಮನಸ್ಸು ಛಲೋನ ಇತ್ತು. ಇವತ್ತ ಪೋಲೋ ಹೆಸರು ತಗದ್ರ ಹುಡುಗೂರ ಕಣ್ಣು ಅರಳ್ತಾವ, ಮಾರೂದು 2022ರಾಗ ನಿಂತ್ರೂ ಹಳೇ ಗಾಡಿಗೆ ಗಿರಾಕಿ ಅದಾರ. ಎಟಿಯೋಸ್ ಕಡೀತನಕ ಟ್ಯಾಕ್ಸಿ ಆಗೇ ಉಳೀತು. ಹಂಗಂತ ಟೊಯೋಟಾದ ಮ್ಯಾಲ ನಮ್ಮ ಮಂದಿಗೆ ನಂಬಿಕಿ ಕಡಿಮಿ ಅಂದಿಯೇನು? ಕ್ವಾಲಿಸ್, ಇನ್ನೋವಾ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ್ದನ್ನ ನೋಡಿ ಹುಟ್ಟಿದ ನಂಬಿಕಿ ಅದು, ರೇಸಿನಿಂದ ಬಂದಿದ್ದಲ್ಲ. ರೇಸು ಗಾಡಿಯ ಗುಣಾ ಮಂದಿಗೆ ತೋರಸ್ತೈತಿ. ಇಲ್ಲದ ಗುಣಾ ತಂದು ಕೊಡೂದಿಲ್ಲ.

ಮಾರುತಿ ಕಥಿ ಇನ್ನೂ ಮಜಾ ಐತಿ. ರೇಡ್ ಡಿ ಹಿಮಾಲಯ, ರಾಜಸ್ಥಾನದ ಡೆಸರ್ಟ್ ಸ್ಟಾರ್ಮ್, ನಮ್ಮ ಕಡೆ ದಕ್ಷಿಣ್ ಡೇರ್, ಈ ರ‍್ಯಾಲಿಗಳೆಲ್ಲ ವರ್ಷಗಟ್ಟಲೆ ಮಾರುತಿ ಸುಜುಕಿ ಹೆಸರಿನ್ಯಾಗ ನಡದ್ವು. 2020ರ ಹೊತ್ತಿಗೆ ಕಂಪನಿ ಕೈಬಿಡ್ತು. ರ‍್ಯಾಲಿ ಓಡಸೂ ಮಂದಿಗೆ ಅದೊಂದು ದೊಡ್ಡ ಹೊಡತ. ಆದ್ರ ಮಾರುತಿಯ ಜಿಪ್ಸಿ ಜೀಪಿನ ಮ್ಯಾಲಿನ ಪ್ರೀತಿ ಕಡಿಮಿ ಆತೇನು? ಇಲ್ಲ. 1985ರಾಗ ಬಂದ ಗಾಡಿ, 2019ರಾಗ ಸಾಮಾನ್ಯರಿಗೆ ಮಾರೂದು ನಿಲ್ಲಿಸಿದ್ರು, ಇನ್ನೂ ನಮ್ಮ ಆಫ್‌ರೋಡ್ ಮಂದಿ ಅದನ್ನ ಬಿಟ್ಟುಕೊಡಾಕ ತಯಾರಿಲ್ಲ. ಹಗುರ ಗಾಡಿ, ಗಟ್ಟಿ ಚಾಸಿ, ಸಣ್ಣ ಗ್ಯಾರೇಜಿನ್ಯಾಗೂ ಬಿಚ್ಚಿ ಕಟ್ಟಬಹುದಾದ ಎಂಜಿನ್. ಕೊಯಮತ್ತೂರಿನ ಕಾರಿ ಟ್ರ್ಯಾಕಿನ್ಯಾಗ ಓಡೂ ಎಲ್‌ಜಿಬಿ ಫಾರ್ಮುಲಾ 4 ಅನ್ನೂ ಒಂದ ಸೀಟಿನ ರೇಸ್ ಗಾಡಿಗೂ ಸ್ವಿಫ್ಟ್‌ನ 1.3 ಲೀಟರ್ ಎಂಜಿನ್ನ ಹಾಕ್ತಾರ. ಸಾಮಾನು ಕೈಗೆ ಸಿಗೂ ಹಂಗ ಇದ್ರ ಆಟ ಉಳೀತೈತಿ, ಆಟದ ಜೋಡಿ ಗಾಡಿ ಹೆಸರೂ ಉಳೀತೈತಿ.

ಈ ಗುಟ್ಟು ಜಪಾನಿನ ಕಾರ್ ಕಂಪನಿ ಮಜ್ದಾದವರಿಗೆ ಸರಿಯಾಗಿ ತಿಳದೈತಿ. ನಮ್ಮ ದೇಶದಾಗ ಅವರ ಅಂಗಡಿ ಇಲ್ಲ, ಅದಕ್ಕ ನಮ್ಮ ಮಂದಿಗೆ ಹೆಸರು ಅಷ್ಟು ಗೊತ್ತಿಲ್ಲ. 1989ರಾಗ ಬಂದ ಅವರ ಎಂಎಕ್ಸ್-5, ಅಮೆರಿಕಾದಾಗ ಮಿಯಾಟಾ ಅಂತಾರ, ಎರಡ ಸೀಟಿನ ಸಣ್ಣ ಗಾಡಿ. ಅಲ್ಲಿ ಹಳೇ ಮಿಯಾಟಾಗೊಳದ ಒಂದು ರೇಸ್ ವರ್ಗನ ಐತಿ. ರೇಸಿನ್ಯಾಗ ಓಡಿದ್ದಕ್ಕ ಪುರಾವೆ ತೋರಿಸಿದ್ರ ಕಂಪನಿ ಬಿಡಿಭಾಗ ಕಡಿಮಿ ರೇಟಿಗೆ ಕೊಡ್ತೈತಿ, ಫೋನ್ ಎತ್ತಿ ಮಾತಾಡಾಕ ಆ ಕೆಲಸ ಬಲ್ಲ ಮಂದಿನ್ನ ಇಟ್ಟೈತಿ. ಟೊಯೋಟಾದವರು ಅಲ್ಲೆ ಜಿಆರ್ 86 ಅನ್ನೂ ಸ್ಪೋರ್ಟ್ಸ್ ಕಾರ್ ಕೊಂಡವರಿಗೆ ಒಂದು ಮೋಟರ್‌ ಸ್ಪೋರ್ಟ್ ಸಂಘದ ಒಂದು ವರ್ಷದ ಸದಸ್ಯತ್ವ, ಟ್ರ್ಯಾಕಿನ್ಯಾಗ ಒಂದು ದಿನ ಕಲಿಯೂ ಅವಕಾಶ ಕೊಟ್ಟಾರ. ನನಗ ಎಲ್ಲಾಕಿಂತ ಹಿಡಿಸಿದ್ದು ಆಸ್ಟ್ರೇಲಿಯಾದ ಹುಂಡೈ. ಅಲ್ಲೆ ಐ30 ಎನ್ ಗಾಡಿ ಟ್ರ್ಯಾಕಿಗೆ ಒಯ್ದ್ರೂ ವಾರಂಟಿ ನಡೀತೈತಿ, ಗಡಿಯಾರ ಹಿಡಿದು ಸ್ಪರ್ಧಾ ಮಾಡಬಾರದು ಅಷ್ಟ. ನಮ್ಮ ಡ್ರೈವ್ ಶಾಫ್ಟ್ ಹುಡುಗ ಇದನ್ನ ಕೇಳಿದ್ರ ಅಳ್ತಾನ.

ನಮ್ಮ ದೇಶದಾಗ ನಾ ಕಂಡಂಗ ಕಾರ್ ಕಂಪನಿಗಿಂತ ಟೈರ್ ಕಂಪನಿ ಹೆಚ್ಚು ಗಟ್ಟಿ. ಎಂಆರ್‌ಎಫ್, ಜೆಕೆ ಟೈರ್ ದಶಕಗಟ್ಟಲೆ ಈ ಆಟಕ್ಕ ಅಂಟಿಕೊಂಡು ಕುಂತಾವ. ದ್ವಿಚಕ್ರದಾಗ ಟಿವಿಎಸ್ 1982ರಿಂದ ರೇಸ್ ತಂಡ ನಡಸಾಕತ್ತೈತಿ, ಅವರ ಅಪಾಚೆ ಬೈಕ್ ಓಡಸೂ ಹುಡುಗೂರಿಗೆ ಅದು ಬಾಯಿಪಾಠ. ಕಾರ್ ಕಂಪನಿಯವರಿಗೆ ಒಂದು ಮಾಡೆಲ್ ಹಳೇದಾತಂದ್ರ ಆ ರೇಸಿನ ಮ್ಯಾಲಿನ ಆಸಕ್ತಿನೂ ಮುಗೀತು. ಟೈರ್ ಹಂಗಲ್ಲ, ಯಾವ ಗಾಡಿ ಓಡಿದ್ರೂ ಸವೀತೈತಿ. ಅದಕ್ಕ ನೀ ಶೋರೂಮಿಗೆ ಹೋಗೂಕಿಂತ ಮೊದಲು ನಿಮ್ಮೂರಾಗಿನ ಟೈರ್ ಅಂಗಡಿ, ಆಯಿಲ್ ಏಜೆನ್ಸಿ, ಬ್ಯಾಟರಿ ಅಂಗಡಿಯವರನ್ನ ಭೇಟಿಯಾಗು. ಕೊಡೂದು ಸಣ್ಣದಿದ್ರೂ ಮುಂದಿನ ವರ್ಷ ಹೊಳ್ಳಿ ಬರ್ತಾರ.

ಈಗ ಶೋರೂಮಿಗೆ ಏನು ಕೇಳಬೇಕು. ಮ್ಯಾನೇಜರ್ ಹತ್ರ ಮಾತಾಡಿ ಉಪಯೋಗಿಲ್ಲ, ಅಂವಗ ಈ ತಿಂಗಳ ಟಾರ್ಗೆಟ್ ಬಿಟ್ಟು ಬ್ಯಾರೆ ಕಾಣೂದಿಲ್ಲ, ಮುಂದಿನ ವರ್ಷ ಅಂವ ಅಲ್ಲಿರ್ತಾನೋ ಇಲ್ಲೋ. ಮಾಲಕರನ್ನ ಹಿಡಿ. ರೊಕ್ಕ ಬ್ಯಾಡ್ರಿ, ಎರಡು ದಿನ ಒಬ್ಬ ಅನುಭವದ ಗಾಡಿ ಮಿಸ್ತ್ರಿನ್ನ, ಒಂದು ಪೆಟ್ಟಿಗಿ ಸಾಮಾನು ಕಳಸ್ರಿ ಅನ್ನು. ಪೆಟ್ಟಿಗಿಯೊಳಗ ಡ್ರೈವ್ ಶಾಫ್ಟ್, ಲೋವರ್ ಆರ್ಮ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ರೇಡಿಯೇಟರ್ ಹೋಸ್, ಕ್ಲಚ್ ಕೇಬಲ್ ಇರಲಿ. ಬಳಸಿದ್ದಕ್ಕ ನಾವು ಬಿಲ್ ಕೊಡ್ತೀವಿ, ಉಳದದ್ದು ವಾಪಸ್, ಮಜೂರಿ ಅಷ್ಟ ಮಾಫ್ ಮಾಡ್ರಿ ಅಂತ ಕೇಳು. ಅವರಿಗೂ ಇದು ಬ್ಯಾನರ್‌ಗಿಂತ ಸೋವಿ ಬೀಳ್ತೈತಿ.

ಎರಡನೇದು, ಓಟದ ಮುಂಚೆ ಓಡಸೂ ಗಾಡಿಯೆಲ್ಲ ಅವರ ವರ್ಕ್‌ಶಾಪಿನ್ಯಾಗ ತಪಾಸಣಿ ಆಗಿ ಜಾಬ್ ಕಾರ್ಡ್ (ಗಾಡಿ ಸ್ಥಿತಿ ಬರದಿಡೂ ವರ್ಕ್‌ಶಾಪ್ ಚೀಟಿ) ಆಗಲಿ. ಮೊದಲ ಇದ್ದ ದೋಷ ಅದರಾಗ ಬರಸ್ಕೊಂಡ್ರ, ಮುಂದ "ರೇಸಿನ್ಯಾಗ ಆಗೈತಿ" ಅಂತ ಏಸಿ ಕೆಟ್ಟಿದ್ದಕ್ಕೂ ವಾರಂಟಿ ತಪ್ಪಸಾಕ ಬರೂದಿಲ್ಲ. ಓಟದಾಗ ಮುರದದ್ದಕ್ಕ ಡೀಲರ್ ವಾರಂಟಿ ಕೊಡತೀನಂದ್ರೂ ನಂಬಬ್ಯಾಡ, ಅದು ಅಂವನ ಕೈಯಾಗಿಲ್ಲ.

ಮೂರನೇದಕ್ಕ ಅವರು ಜಗ್ಗಾಡ್ತಾರ, ನೀ ಸಡಲ ಬಿಡಬ್ಯಾಡ. ತಮ್ಮ ಕಂಪನಿ ಗಾಡಿ ಅಷ್ಟ ಓಡಬೇಕು ಅಂತಾರ. ಎಲ್ಲಾ ಕಂಪನಿ ಗಾಡಿನೂ ಓಡಬೇಕು. ಒಂದ ಎತ್ತಿನ ಶರ್ಯತ್ತು ನೋಡಾಕ ಯಾರು ಬರ್ತಾರ? ಎದುರಾಳಿ ಇದ್ದು ಗೆದ್ರ ಅವರ ಗಾಡಿಗೆ ಕಿಮ್ಮತ್ತು.

ಇನ್ನ ಶೋರೂಮ್ ಬಿಟ್ಟು ನಿಮ್ಮ ಜವಾಬ್ದಾರಿ. ಮೊದಲು ವಿಮಾ ಪಾಲಿಸಿ ತಗದು ಓದ್ರಿ. ಸಾಮಾನ್ಯ ಪಾಲಿಸಿಯಾಗ ಸಂಘಟಿತ ರೇಸು, ವೇಗ ಪರೀಕ್ಷಾ, ಗಾಡಿ ತಾಳಿಕಿ ನೋಡೂ ರಿಲಯಬಿಲಿಟಿ ಟ್ರಯಲ್ ಹೊರಗ ಇಟ್ಟಿರ್ತಾರ. ಅಂದ್ರ ಹೊಲದಾಗ ಗಾಡಿ ಪಲ್ಟಿ ಆದ್ರ ಒಂದು ರೂಪಾಯಿ ಬರೂದಿಲ್ಲ. ರ‍್ಯಾಲಿಗೆ ಬ್ಯಾರೆ ಕವರ್ ತಗೋಬಹುದು, ಏಜೆಂಟಗ ಕೇಳಿ ಬರದು ಇಸ್ಕೋ. ದೇಶದ ಮೋಟರ್‌ ಸ್ಪೋರ್ಟ್ ಕ್ಲಬ್ಬುಗಳ ಒಕ್ಕೂಟ ಎಫ್‌ಎಂಎಸ್‌ಸಿಐ, ಅದರ ಮಾನ್ಯತೆ ಇರೂ ಕ್ಲಬ್ಬಿನವರ ಜೋಡಿ ಸೇರಿ ಮಾಡಿದ್ರ ಅಧಿಕಾರಿಗಳು, ನಿಯಮ ಎಲ್ಲಾ ಬರ್ತಾವ, ಖರ್ಚು ಹೆಚ್ಚಾಗ್ತೈತಿ, ಆದ್ರೂ ನಾ ಅದನ್ನ ಹೇಳ್ತೀನಿ. ಹೊಲದಿಂದ ರೋಡಿಗೆ ಒಂದು ಗಾಡಿನೂ ಜೋರಿನ್ಯಾಗ ಹತ್ತಬಾರದು. ಸಾರ್ವಜನಿಕ ರಸ್ತೆದಾಗ ರೇಸ್ ಮಾಡಿದ್ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಐತಿ, ಜೈಲೂ ಆಗಬಹುದು. ಒಮ್ಮೆ ಪೊಲೀಸರು ಬಂದ್ರ ಮುಂದಿನ ವರ್ಷ ಯಾವ ಸ್ಪಾನ್ಸರೂ ನಿಮ್ಮ ಫೋನ್ ಎತ್ತೂದಿಲ್ಲ.

ರೋಲ್ ಕೇಜ್ ಮಾಡಸೂದಿದ್ರ ನೀರಿನ ಜಿಐ ಪೈಪ್ ಹಚ್ಚಿ ಕೊಡಾವರು ಅದಾರ, ಅಂಥಾ ಕೇಜ್ ಇರೂದಕ್ಕಿಂತ ಇಲ್ಲದ್ದ ಛಲೋ. ಕೋಲ್ಡ್ ಡ್ರಾನ್ ಸೀಮ್‌ಲೆಸ್ ಟ್ಯೂಬ್ ಬೇಕು, ಮುಖ್ಯ ಕಮಾನಿಗೆ 45 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪ. ಇದು ಅಂತರರಾಷ್ಟ್ರೀಯ ನಿಯಮದಾಗಿನ ಅಳತಿ. ನನ್ನ ಹತ್ರನ ಮಾಡಸ್ರಿ ಅಂತ ಹೇಳಾಕತ್ತಿಲ್ಲ ಮತ್ತ, ಯಾರ ಹತ್ರ ಮಾಡಿಸಿದ್ರೂ ಇದನ್ನ ಕೇಳ್ರಿ.

ಹೊಲದ ಬಗ್ಗೆ ನನಗ ಸ್ವಲ್ಪ ಹೆದರಿಕಿ ಐತಿ. ಕಬ್ಬು ಕಡದ ಕೂಳಿ ಟೈರಿಗೆ ಮೊಳಿ ಇದ್ದಂಗ, ರೋಟಾವೇಟರ್ ಹೊಡದು ರೋಲರ್ ತಿರಗಿಸಲಿಲ್ಲಂದ್ರ ಪಂಕ್ಚರ್ ತಗಿಯೂದರಾಗ ದಿನಾ ಮುಗೀತೈತಿ. ಎರಿ (ಕರಿ ಮಣ್ಣಿನ) ಹೊಲ ಆಗಿದ್ರ ಬಿಟ್ಟುಬಿಡ್ರಿ. ಒಣಗಿದ್ರ ಗಾಲಿ ಸಿಗೂವಷ್ಟು ಬಿರುಕು, ಎರಡು ಹನಿ ಮಳಿ ಬಿದ್ರ ಗಾಡಿ ಸಾಬಾಣದ ಮ್ಯಾಲ ನಿಂತಂಗ. ಮಸಾರಿ (ಕೆಂಪು ಮಣ್ಣು) ಇಲ್ಲಾ ಗರಸು ನೆಲ ಹುಡಕ್ರಿ. ಒಂದು ಸಲಕ್ಕ ಒಂದ ಗಾಡಿ ಬಿಡ್ರಿ, ಮಂದಿನ್ನ ತಿರುವಿನ ಹೊರಗಿನ ಬಾಜೂಕ ನಿಲ್ಲಾಕ ಕೊಡಬ್ಯಾಡ್ರಿ. ಆಂಬುಲೆನ್ಸ್ ಬಂದು ನಿಂತ ಮ್ಯಾಲ ಮೊದಲ ಗಾಡಿ ಚಾಲೂ ಆಗಬೇಕು.

ನೀ ಹಾಕಿದ ಫೋಟೋದಾಗ ಮೂಡಣ ಬಾಜೂಕ ಒಂದು ಬಾವಿ ಕಂಡಂಗ ಆತು, ಕಟ್ಟಿ ಕಾಣಲಿಲ್ಲ. ನಾಳೆ ಹೋಗಿ ಅಲ್ಲಿಂದ ಟ್ರ್ಯಾಕಿನ ತಿರುವಿಗೆ ಎಷ್ಟು ಹೆಜ್ಜಿ ಆಗ್ತೈತಿ ಅಳದು ಇಲ್ಲೆ ಬರಿ. ಮುಚ್ಚದ ಬೋರ್‌ವೆಲ್ ಏನರ ಐತೇನು, ಹೊಲದ ಮಾಲಕರನ್ನ ಅದನ್ನೂ ಕೇಳು. ಶೋರೂಮಿನವರ ಸುದ್ದಿ ಅದಾದ ಮ್ಯಾಲ ಮಾತಾಡೂಣು.