ಎರಡೇ ಸೀಟಿನ ಕಾರು, ಅರವತ್ತಮೂರರ ಅಜ್ಜ

ವಾಹನ ಓಡಿಸುವವರ ಪ್ರಶ್ನೆಗಳಿಗೆ ಗೋಣಿಕೊಪ್ಪದ ಡ್ರೈವಿಂಗ್ ಶಿಕ್ಷಕಿಯ ಉತ್ತರ

ಪ್ರಶ್ನೆ: ನನಗೆ 63 ವರ್ಷ. ನಾಪೋಕ್ಲು ಬಳಿ ಕಾಫಿ ತೋಟವಿದೆ. ಮೈಸೂರಿನ ಒಂದು ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಸ್ಯಾನ್ ಸ್ಟಾರ್ಮ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಕೊಂಡು, ರಿಪೇರಿ ಮಾಡಿಸಿ ತಂದೆ. ಕೆಂಪು ಬಣ್ಣ, ಬಟ್ಟೆಯ ಟಾಪು. ಹೊರಗೆ ತೆಗೆದರೆ ಸಾಕು, ‘ರೋಬಸ್ಟಾ ಕಾಫಿಯ ರೇಟು ತಲೆಗೇರಿದೆ’, ‘ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಹುಡುಗಾಟ’ ಎನ್ನುತ್ತಾರೆ. ಮಗನೂ ಮಾರಿಬಿಡಿ ಎನ್ನುತ್ತಿದ್ದಾನೆ. ಮಗಳ ಮಗಳಿಗೆ 15 ವರ್ಷ. ಅವಳಿಗೆ ಮಾತ್ರ ಈ ಕಾರೆಂದರೆ ಪ್ರಾಣ. ‘ಅಜ್ಜ, ನನಗೂ ಕಲಿಸು’ ಎಂದು ಬೆನ್ನು ಬಿದ್ದಿದ್ದಾಳೆ. ಏನು ಮಾಡಲಿ?
— ಓದುಗರು, ನಾಪೋಕ್ಲು

ಉತ್ತರ: ಮಾರಬೇಡಿ. ಇದು ಮೊದಲ ಮಾತು.

ಎರಡೇ ಸೀಟಿನ ಕಾರನ್ನು ಯಾವ ವಯಸ್ಸಿನಲ್ಲಿ ಕೊಳ್ಳಲು ಸಾಧ್ಯ ಎಂದು ನಿಮ್ಮ ಊರಿನವರು ಒಮ್ಮೆ ಯೋಚಿಸಲಿ. ಮೂವತ್ತರಲ್ಲಿ ಮನೆ ಸಾಲದ ಕಂತು, ಮಕ್ಕಳ ಫೀಸು. ಮಕ್ಕಳನ್ನು ಶಾಲೆಗೆ ಬಿಡಬೇಕು, ಗೊಬ್ಬರದ ಚೀಲ ತರಬೇಕು, ಹಿರಿಯರನ್ನು ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ಯಬೇಕು. ಇದ್ಯಾವುದೂ ಎರಡು ಸೀಟಿನಲ್ಲಿ ಆಗುವ ಕೆಲಸವಲ್ಲ. ಮಕ್ಕಳು ದಡ ಸೇರಿ, ಸಾಲ ತೀರಿ, ಸಾಮಾನು ಹೇರಲು ಮನೆಯಲ್ಲಿ ಜೀಪು ಬೇರೆ ಇದೆ ಎಂದಾದ ಮೇಲೆಯೇ ಇಂಥ ಕಾರಿಗೆ ಜಾಗ ಸಿಗುವುದು. ಸ್ಪೋರ್ಟ್ಸ್ ಕಾರುಗಳಲ್ಲಿ ನರೆತ ತಲೆಗಳು ಕಾಣುವುದಕ್ಕೆ ಕಾರಣ ಇಷ್ಟು ಸರಳ. ಇಪ್ಪತ್ತರಲ್ಲಿ ಹುಟ್ಟಿದ ಆಸೆಯನ್ನು ಸಂಸಾರದ ಎಲ್ಲ ಹೊಣೆ ಮುಗಿಸಿದ ಮೇಲೆ ತೀರಿಸಿಕೊಂಡವರನ್ನು ಕಂಡರೆ ನನಗೆ ಗೌರವ ಮೂಡುತ್ತದೆ.

ವೇಗದ ಹುಚ್ಚು ಎನ್ನುವವರಿಗೆ ನಿಮ್ಮ ಕಾರಿನ ಬಾನೆಟ್ ಎತ್ತಿ ತೋರಿಸಿ. ಬೆಂಗಳೂರಿನ ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ತಂದ ಆ ಕಾರಿಗೆ ಫೈಬರ್ ಮೈ, ರೆನೋ ಕಂಪನಿಯ 1149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ಇವತ್ತಿನ ಎಷ್ಟೋ ಮಾಮೂಲಿ ಕಾರುಗಳಿಗೆ ಅದಕ್ಕಿಂತ ಹೆಚ್ಚು ಬಲವಿದೆ. ಜಪಾನಿನ ಮಜ್ದಾ 1989ರಲ್ಲಿ ಎಂಎಕ್ಸ್-5 ತಂದಾಗ ಅದರಲ್ಲೂ ಇದ್ದದ್ದು 1.6 ಲೀಟರಿನ ಎಂಜಿನ್ನೇ. ತೂಕ ಕಡಿಮೆ, ಕೂರುವುದು ನೆಲಕ್ಕೆ ಹತ್ತಿರ, ತಲೆಯ ಮೇಲೆ ಆಕಾಶ. ಅಷ್ಟಕ್ಕೇ ಜನ ಮನಸೋತು 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾದವು. ಇಂಥ ಕಾರಿನಲ್ಲಿ ನಲವತ್ತರ ವೇಗದಲ್ಲೇ ರಸ್ತೆಯ ಒಂದೊಂದು ಉಬ್ಬೂ ಬೆನ್ನಿಗೆ ತಿಳಿಯುತ್ತದೆ; ಸುಖ ಇರುವುದೂ ಅಲ್ಲೇ.

ವಯಸ್ಸಿನ ಮಾತಿಗೂ ಉತ್ತರವಿದೆ. 2024ರ ಜನವರಿಯಲ್ಲಿ ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ನಡೆದ ಡಕಾರ್ ರ್‍ಯಾಲಿಯ ಕಾರು ವಿಭಾಗವನ್ನು ಗೆದ್ದ ಸ್ಪೇನಿನ ಕಾರ್ಲೋಸ್ ಸೈನ್ಸ್ ಅವರಿಗೆ ಆಗ 61 ವರ್ಷ, ನಿಮಗಿಂತ ಎರಡೇ ವರ್ಷ ಕಡಿಮೆ. ಅದೇ ಹೆಸರಿನ ಅವರ ಮಗ ಫಾರ್ಮುಲಾ ಒನ್ ಚಾಲಕ. ನಮ್ಮ ಕಾನೂನು ಕೂಡ ಕಾರು ಓಡಿಸಲು ಗರಿಷ್ಠ ವಯಸ್ಸನ್ನು ಗೊತ್ತು ಮಾಡಿಲ್ಲ. 55 ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣವಾಗಬೇಕು, ಜೊತೆಗೆ ವೈದ್ಯರು ನಮೂನೆ 1ಎ ಪ್ರಮಾಣಪತ್ರ ಕೊಡಬೇಕು. ಅದನ್ನು ಕೇವಲ ಸಹಿ ಹಾಕಿಸಿಕೊಳ್ಳುವ ಕಾಗದ ಎಂದುಕೊಳ್ಳದೆ ಕಣ್ಣನ್ನು ನಿಜವಾಗಿ ಪರೀಕ್ಷೆ ಮಾಡಿಸಿ. ಪೊರೆ ಶುರುವಾಗಿದ್ದರೆ ಎದುರಿನ ಹೆಡ್‌ಲೈಟು ಒಡೆದು ಹರಡಿದಂತೆ ಕಾಣುತ್ತದೆ. ಮಂಜು ಕವಿದ ಸಂಪಾಜೆ ಘಟ್ಟದಲ್ಲಿ ಅದು ಗೊತ್ತಾದರೆ ತಡವಾಯಿತು.

ಈಗ ಮೊಮ್ಮಗಳ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ.

18 ತುಂಬುವವರೆಗೆ ಸಾರ್ವಜನಿಕ ರಸ್ತೆಯಲ್ಲಿ ಸ್ಟಿಯರಿಂಗ್ ಕೊಡಬಾರದು, ಒಂದು ಫರ್ಲಾಂಗಿಗೂ ಕೊಡಬಾರದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಕಾರಿನ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೇ ಸಿಗುವುದಿಲ್ಲ. ಪ್ರೀತಿಯಿಂದ ಕೊಟ್ಟ ಐದು ನಿಮಿಷ ಅವಳ ಏಳೆಂಟು ವರ್ಷಗಳನ್ನು ಕಿತ್ತುಕೊಳ್ಳಬಹುದು. ತೋಟದೊಳಗಿನ ಕಣ ಸಾರ್ವಜನಿಕ ಸ್ಥಳವಲ್ಲ ಎಂದು ಹಲವರು ನನ್ನೊಡನೆ ವಾದಿಸುತ್ತಾರೆ. ಇರಬಹುದು. ಆದರೆ ಕಾರ್ಮಿಕರ ಮಕ್ಕಳು ಓಡಾಡುವ ಜಾಗವದು. ನನ್ನ ಮನಸ್ಸು ಒಪ್ಪುವುದಿಲ್ಲ. ಅವಳ ಕೈ ತುರಿಸುತ್ತಿದ್ದರೆ ಪುಟ್ಟ ರೇಸ್ ಗಾಡಿ ಓಡಿಸುವ ಬೆಂಗಳೂರಿನ ಕಾರ್ಟಿಂಗ್ ಟ್ರ್ಯಾಕಿಗೆ ಕರೆದೊಯ್ಯಿರಿ. ಅಲ್ಲಿ ಹೆಲ್ಮೆಟ್ ಇರುತ್ತದೆ, ನೋಡಿಕೊಳ್ಳುವವರಿರುತ್ತಾರೆ.

ಇನ್ನು ಮೂರು ವರ್ಷವಿದೆ. ಓಡಿಸುವುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಈಗಲೇ ಕಲಿಸಬಹುದು. ಟೈರಿನಿಂದ ಶುರು ಮಾಡಿ. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಅಪರೂಪಕ್ಕೆ ಹೊರಡುವ ಕಾರುಗಳಲ್ಲಿ ಟೈರು ಸವೆಯುವ ಮೊದಲೇ ರಬ್ಬರು ಗಟ್ಟಿಯಾಗುತ್ತದೆ. ಕಚ್ಚು ಆಳವಾಗಿದೆ ಎಂದು ನಂಬಿ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಕಾರು ಜಾರುತ್ತದೆ. ಇದನ್ನು ಅವಳೇ ಬಗ್ಗಿ ಓದಲಿ, ಗಾಳಿಯನ್ನು ಅವಳೇ ಅಳೆಯಲಿ. ಮಳೆಗಾಲಕ್ಕೆ ಮೊದಲು ಟಾಪಿನ ಅಂಚಿನಲ್ಲಿ ನೀರು ಹರಿದುಹೋಗುವ ತೂತುಗಳಿಂದ ಎಲೆ ಕಸ ತೆಗೆಯಲಿ. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಆ ತೂತು ಕಟ್ಟಿದರೆ ಸೀಟಿನಡಿಯ ಕಾರ್ಪೆಟ್ಟಿಗೆ ಬೂಷ್ಟು ಗ್ಯಾರಂಟಿ. ವೈರು ಕಡಿಯುವ ಇಲಿಗಳ ಮೇಲೂ ಅವಳದೇ ಕಣ್ಣಿರಲಿ.

ಅನಂತರ ಪಕ್ಕದಲ್ಲಿ ಕೂರಿಸಿಕೊಳ್ಳಿ. ರ್‍ಯಾಲಿಗಳಲ್ಲಿ ಪಕ್ಕದ ಸೀಟಿನವರು ಪೇಸ್‌ನೋಟ್ ಓದುವುದನ್ನು ಕೇಳಿರುತ್ತೀರಿ: ಮುಂದಿನ ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಬಿಗಿ, ದಾಟಿದ ಮೇಲೆ ಏರೋ ಇಳಿಜಾರೋ. ನಾಪೋಕ್ಲಿನಿಂದ ಮೂರ್ನಾಡಿನವರೆಗಿನ ದಾರಿಗೆ ಅವಳು ಒಂದು ನೋಟ್‌ಪುಸ್ತಕದಲ್ಲಿ ಅಂಥ ಟಿಪ್ಪಣಿ ಬರೆಯಲಿ. ವೇಗಕ್ಕಾಗಿ ಅಲ್ಲ, ನೋಡುವುದನ್ನು ಕಲಿಯಲು. ದರೆಯಿಂದ ನೀರು ಜಿನುಗುವ ಕಡೆ ರಸ್ತೆ ಪಾಚಿಗಟ್ಟಿರುತ್ತದೆ, ಮರದಡಿ ಒದ್ದೆ ಎಲೆ ಬಿದ್ದಿರುತ್ತದೆ, ಶಾಲೆ ಬಿಡುವ ಹೊತ್ತಿಗೆ ಯಾವ ತಿರುವಿನಲ್ಲಿ ಮಕ್ಕಳಿರುತ್ತಾರೆ: ಇವೆಲ್ಲ ಆ ಪುಸ್ತಕದಲ್ಲಿ ಸೇರಲಿ. ಇಕ್ಕಟ್ಟಾದ ಏರಿನಲ್ಲಿ ಎದುರಿನಿಂದ ಹತ್ತುತ್ತಿರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಎಂಬ ನಿಯಮ ಪುಸ್ತಕದಲ್ಲಷ್ಟೇ ಉಳಿದುಬಿಟ್ಟಿದೆ. ನೀವು ನಿಂತು ದಾರಿ ಬಿಡುವುದನ್ನು ಅವಳು ನೋಡಲಿ.

ನೀವು ಗೇರು ಇಳಿಸುವುದಕ್ಕೆ ಅಂಕ ಕೊಡುವ ಕೆಲಸವನ್ನೂ ಅವಳಿಗೇ ಒಪ್ಪಿಸಿ. ಮೂರರಿಂದ ಎರಡಕ್ಕೆ ಇಳಿಸುವಾಗ ಕ್ಲಚ್ ಒತ್ತಿರುವಂತೆಯೇ ಆಕ್ಸಿಲರೇಟರನ್ನು ಒಂದಿಷ್ಟು ಮುಟ್ಟಿ, ಎಂಜಿನ್ ವೇಗವನ್ನು ಗೇರಿಗೆ ಹೊಂದಿಸಿ, ಆಮೇಲೆ ಕ್ಲಚ್ ಬಿಡಬೇಕು. ಹೊಂದಿದರೆ ಕಾರು ಜಗ್ಗುವುದಿಲ್ಲ, ಪಕ್ಕದಲ್ಲಿ ಕೂತವಳ ತಲೆ ಮುಂದಕ್ಕೆ ವಾಲುವುದಿಲ್ಲ. ತಲೆ ಅಲುಗಿದರೆ ಅಂಕ ಕಡಿಮೆ. ಹೀಗೆ ಕಲಿತ ಹುಡುಗಿಗೆ 18ರಲ್ಲಿ ಎಲ್ ಬೋರ್ಡ್ ಹಾಕಿ ಕೂರಿಸಿದಾಗ ಕಾಲು ಏನು ಮಾಡಬೇಕೆಂಬುದು ಕಿವಿಗೆ ಮೊದಲೇ ಗೊತ್ತಿರುತ್ತದೆ. ಇಂಥ ಮಕ್ಕಳಿಗೆ ಪಾಠ ಹೇಳುವುದು ನನಗೆ ಹಬ್ಬ.

ಮಗನಿಗೆ ನನ್ನ ಪರವಾಗಿ ಹೇಳಿ: ನಿಮ್ಮ ಕಾರು 15 ವರ್ಷ ದಾಟಿರುವುದರಿಂದ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಆ ಕಾಗದಪತ್ರ, ಇನ್ಶೂರೆನ್ಸ್ ಸರಿಯಿವೆಯೇ ಎಂದು ಅವನು ನೋಡಿಕೊಳ್ಳಲಿ. ಅವನ ಆತಂಕಕ್ಕೂ ಒಂದು ಕೆಲಸ ಸಿಗುತ್ತದೆ.

ಪ್ರಶ್ನೆ: ನನಗೆ 23. ದುಡಿದ ಹಣದಲ್ಲಿ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕೊಂಡು ಸೈಲೆನ್ಸರ್ ಬದಲಾಯಿಸಿದ್ದೇನೆ. ನಿಯಮ ಮೀರುವುದಿಲ್ಲ. ಆದರೂ ಎಲ್ಲಿ ನಿಲ್ಲಿಸಿದರೂ ‘ಅಪ್ಪನ ದುಡ್ಡು, ರಸ್ತೆಯಲ್ಲಿ ಪುಂಡಾಟ’ ಎಂಬ ಮಾತು ಕೇಳಿಸುತ್ತದೆ.
— ಸೋಮವಾರಪೇಟೆ

ಉತ್ತರ: ಅಪ್ಪನ ದುಡ್ಡು ಎಂದವರದು ತಪ್ಪು. ನಿಮ್ಮ ದುಡಿಮೆಗೆ ಅಭಿನಂದನೆ. ಆದರೆ ಸೈಲೆನ್ಸರ್ ವಿಷಯದಲ್ಲಿ ನಾನು ಅವರ ಪಕ್ಷ. ಕಂಪನಿ ಕೊಟ್ಟ ಸ್ಥಿತಿಯಿಂದ ಹಾಗೆ ಬದಲಾಯಿಸುವುದೇ ನಿಯಮ ಮೀರಿದಂತೆ. ನೀವು ಹೇಗೆ ಓಡಿಸುತ್ತೀರಿ ಎಂದು ಕಾಣುವ ಮೊದಲೇ ಆ ಸದ್ದು ಊರಿಗೆಲ್ಲ ನಿಮ್ಮ ಹೆಸರು ಕೆಡಿಸುತ್ತದೆ. ಹಳೆಯದನ್ನೇ ಹಾಕಿಸಿ.

ಕಾರಿನ ಬಲವನ್ನು ನೋಡುವ ಆಸೆ ಸಹಜ. ಅನುಮತಿ ಇಲ್ಲದೆ ರಸ್ತೆಯಲ್ಲಿ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ಅದರ ಅಗತ್ಯವೂ ನಮ್ಮ ಜಿಲ್ಲೆಯವರಿಗಿಲ್ಲ. ಕೊಯ್ಲು ಮುಗಿದ ಗದ್ದೆಗಳಲ್ಲಿ ಆಟೋಕ್ರಾಸ್ ನಡೆಯುತ್ತದೆ: ಹೆಲ್ಮೆಟ್ ಹಾಕಿ, ಗುರುತು ಮಾಡಿದ ದಾರಿಯಲ್ಲಿ, ಗಡಿಯಾರದ ಜೊತೆ ಸ್ಪರ್ಧೆ. ಒಣಗಿದ ಮಣ್ಣಿನ ಮೇಲೆ ಟೈರು ಯಾವ ಕ್ಷಣದಲ್ಲಿ ಹಿಡಿತ ಬಿಡುತ್ತದೆ ಎಂಬುದನ್ನು ಡಾಂಬರು ರಸ್ತೆ ನಿಮಗೆ ಕಲಿಸಲಾರದು. ಕಲಿಸಿದರೆ ಆಸ್ಪತ್ರೆಯಲ್ಲಿ ಕಲಿಸುತ್ತದೆ. ಆಟೋಕ್ರಾಸಿನಲ್ಲಿ ನಿಮ್ಮ ಅಪ್ಪನ ವಯಸ್ಸಿನವರೂ ಓಡಿಸುತ್ತಾರೆ. ಅವರ ಪಕ್ಕದಲ್ಲಿ ನಿಂತು ಮಾತಾಡಿಸಿ. ಕೇಳುವ ಹುಡುಗರು ಸಿಕ್ಕರೆ ಅವರು ಹೇಳದೆ ಬಿಡುವ ಗುಟ್ಟು ಒಂದೂ ಇರುವುದಿಲ್ಲ.

ಪ್ರಶ್ನೆ: ಅಪ್ಪನಿಗೆ 78. ಹಳೆಯ ಜೀಪನ್ನು ಈಗಲೂ ತಾವೇ ಓಡಿಸುತ್ತಾರೆ. ವಯಸ್ಸಾಯಿತು, ಕೀಲಿ ತೆಗೆದಿಡು ಎಂದು ಎಲ್ಲರೂ ನನಗೆ ಹೇಳುತ್ತಾರೆ.
— ಗೃಹಿಣಿ, ಸಿದ್ದಾಪುರ

ಉತ್ತರ: ಹುಟ್ಟಿದ ವರ್ಷ ನೋಡಿ ಕೀಲಿ ಬಚ್ಚಿಡಬೇಡಿ. ಒಂದು ಹಗಲು ಅವರ ಪಕ್ಕದಲ್ಲಿ ಕೂತು ಹೋಗಿ, ಸುಮ್ಮನೆ ನೋಡಿ. ಎಡಗಡೆಯಿಂದ ಬರುವ ಬೈಕು ನಿಮಗಿಂತ ಮೊದಲು ಅವರಿಗೆ ಕಾಣುತ್ತದೆಯೇ? ಜೀಪು ರಸ್ತೆಯ ನಡುವಿಗೆ ಸರಿಯುತ್ತಿದೆಯೇ? ಎಡ ಮಡ್‌ಗಾರ್ಡಿನ ಮೇಲೆ ಹೊಸ ಗೀರುಗಳಿವೆಯೇ? ಕತ್ತು ತಿರುಗಿಸಿ ಹಿಂದೆ ನೋಡಲು ಆಗುತ್ತದೆಯೇ? ಅನುಮಾನ ಬಂದರೆ ವೈದ್ಯರ ಬಾಯಿಂದ ಹೇಳಿಸಿ, ನೀವು ಹೇಳಬೇಡಿ. ನಿಮ್ಮ ಕಡೆ ಆನೆ ಕಾಟ ಹೆಚ್ಚು. ಏನೇ ಆದರೂ ಸಂಜೆಗತ್ತಲಿನ ಓಡಾಟವನ್ನು ಈಗಲೇ ನಿಲ್ಲಿಸಿ.

ಮನೆಯಲ್ಲಿ 18 ದಾಟಿದ ಮೊಮ್ಮಕ್ಕಳು ಇದ್ದರೆ ಆ ಜೀಪನ್ನು ಅವರಿಗೆ ಕಲಿಸುವ ಹೊಣೆಯನ್ನು ಅಪ್ಪನಿಗೇ ಕೊಡಿ. ಕಲಿಯುವವರಿಗೆ ಎಲ್‌ಎಲ್‌ಆರ್ (ಕಲಿಕೆಯ ಲೈಸೆನ್ಸ್) ಇರಬೇಕು. ಪಕ್ಕದಲ್ಲಿ ಕೂರುವವರ ಲೈಸೆನ್ಸ್ ಚಾಲ್ತಿಯಲ್ಲಿರಬೇಕು ಮತ್ತು ಅಗತ್ಯ ಬಿದ್ದರೆ ಅವರು ಗಾಡಿ ನಿಲ್ಲಿಸುವಂತಿರಬೇಕು. ಅದಕ್ಕೇ ಮೊದಲು ಹ್ಯಾಂಡ್‌ಬ್ರೇಕ್ ಸರಿಮಾಡಿಸಿ. ಹಳೆಯ ಜೀಪುಗಳಲ್ಲಿ ಮೊದಲ ಗೇರಿಗೆ ಸಿಂಕ್ರೊ, ಅಂದರೆ ಗೇರುಗಳ ವೇಗವನ್ನು ತಾನೇ ಹೊಂದಿಸುವ ಭಾಗ, ಇರುವುದಿಲ್ಲ; ಉರುಳುತ್ತಿರುವಾಗ ಅದಕ್ಕೆ ಹಾಕಲು ಎರಡು ಸಲ ಕ್ಲಚ್ ಒತ್ತಿ, ನಡುವೆ ಆಕ್ಸಿಲರೇಟರನ್ನು ಚೂರು ಒತ್ತಬೇಕು. ಈ ಕೈಚಳಕವನ್ನು ಇಂದಿನ ಡ್ರೈವಿಂಗ್ ಶಾಲೆಗಳಲ್ಲಿ ಕಲಿಸುವವರಿಲ್ಲ. ನಿಮ್ಮ ಅಪ್ಪನಿಗೆ ಅದು ಬರುತ್ತದೆ.